ತಂತಿಯಿಲ್ಲದ ಮಿಂಚು

ನನ್ನ ಹೆಂಡತಿ ಚೆಲ್ಲಮ್ಮಾಳ್ ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಒಂದೇ ಸಲ. ಆ ಒಂದು ಸಲವೇ ನನ್ನನ್ನು ಹಾಳುಮಾಡಿತು.

ಹೊಗಳಿಕೆಗೆ ಕಾರಣ ಒಂದು ಕ್ಯಾಮೆರಾ. ನನ್ನದು ಬೋಡಿಯಲ್ಲಿ ಏಲಕ್ಕಿ ವ್ಯಾಪಾರ. ಅರವತ್ತಾರನೆಯ ಇಸವಿಯಲ್ಲಿ ಬೋಡಿಮೆಟ್ಟಿನ ಎಸ್ಟೇಟೊಂದರ ದೊರೆ ತನ್ನ ಸೀಮೆಗೆ ವಾಪಸು ಹೊರಟಾಗ, ಪೆಟ್ಟಿಗೆಯಲ್ಲಿ ಹಿಡಿಸದ ಸಾಮಾನುಗಳನ್ನೆಲ್ಲ ಸಿಕ್ಕವರಿಗೆ ಹಂಚಿದ. ಒಬ್ಬನಿಗೆ ನಾಯಿ ಸಿಕ್ಕಿತು. ನನಗೆ ಒಂದು ಕ್ಯಾಮೆರಾ, ಎರಡು ಫ್ಲ್ಯಾಷ್ ದೀಪಗಳು ಸಿಕ್ಕವು. (ನಾಯಿ ಸಿಕ್ಕವನು ಇವತ್ತಿಗೂ ಸುಖವಾಗಿದ್ದಾನೆ.)

ಎರಡರಲ್ಲಿ ಒಂದು ಬೆಂಕಿಪೊಟ್ಟಣದಷ್ಟು ಚಿಕ್ಕದು, ಕ್ಯಾಮೆರಾದ ತಲೆಯ ಮೇಲೆ ಕೂರುತ್ತದೆ. ಇನ್ನೊಂದು ದೊಡ್ಡದು, ಅದರ ಬುಡದಲ್ಲಿ ಗೋಲಿಯಷ್ಟು ಗಾತ್ರದ ಗಾಜಿನ ಕಣ್ಣು. ದೊಡ್ಡದನ್ನು ಎಲ್ಲೋ ದೂರದಲ್ಲಿಟ್ಟು ಇಲ್ಲಿ ಗುಂಡಿ ಒತ್ತಿದರೆ ಚಿಕ್ಕದು ಮಿಣಕ್ ಎನ್ನುತ್ತದೆ. ಅದನ್ನು ಆ ಕಣ್ಣು ನೋಡಿ, ಅದೇ ಗಳಿಗೆಯಲ್ಲಿ ದೊಡ್ಡದು ಮನೆಯೆಲ್ಲ ಬೆಳಗುವಂತೆ ಮಿಂಚುತ್ತದೆ. ನಡುವೆ ತಂತಿಯಿಲ್ಲ, ದಾರವಿಲ್ಲ. ಒಮ್ಮೆ ಮಿಂಚಿದ ಮೇಲೆ ಮಾತ್ರ ಅದು ಕುಂಯ್‌ಗುಟ್ಟುತ್ತಾ ಶಕ್ತಿ ಕೂಡಿಸಿಕೊಳ್ಳಬೇಕು. ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತಾದ ಮೇಲೆ ಕೆಂಪು ದೀಪ ಹತ್ತಿ, ಸಿದ್ಧ ಎಂದು ಹೇಳುತ್ತದೆ.

ಈ ಮಹಾವಿದ್ಯೆಯನ್ನು ಅಡುಗೆಮನೆಯಲ್ಲಿ ಪ್ರದರ್ಶಿಸಿದೆ. ಚೆಲ್ಲಮ್ಮಾಳ್ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು.

"ತಂತಿ ಇಲ್ದೆ ಅದಕ್ಕೆ ಹೆಂಗೆ ತಿಳೀತದೆ ಮಾಮ?" ಎಂದಳು. (ಅವಳು ನನ್ನ ಸೋದರಮಾವನ ಮಗಳು; ಗಂಡನನ್ನು ಮಾಮ ಎನ್ನುವುದು ನಮ್ಮಲ್ಲಿ ವಾಡಿಕೆ.)

"ಇದು ಕಣ್ಣು ಮಿಟುಕಿಸ್ತದೆ, ಅದು ನೋಡ್ತದೆ. ಅಷ್ಟೇ."

"ನಾನು ಹತ್ತು ಸಲ ಕೂಗಿದ್ರೂ ನಿಮಗೆ ತಿಳೀದು. ಒಂದು ದೀಪಕ್ಕೆ ಅಷ್ಟು ಅರಿವು ಐತಲ್ಲ, ಇರಲಿ."

ಬೈದಳಾದರೂ ಮನಸ್ಸಿನಲ್ಲಿ ಹೆಮ್ಮೆಪಟ್ಟಿರಬೇಕು. ತೈ ತಿಂಗಳಲ್ಲಿ ಅವಳ ತಂಗಿ ದೈವಾನೈಯ ನಿಶ್ಚಯ ಗೊತ್ತಾಯಿತು. ಕಂಬಂನಲ್ಲಿ ತವರಿನವರೆಲ್ಲ ಸೇರಿದ್ದಾಗ ಅವಳು ಎದ್ದು ನಿಂತು ಘೋಷಿಸಿಬಿಟ್ಟಳು: "ಪಡ ಹಿಡಿಯೋಕೆ ಯಾರೂ ಬ್ಯಾಡ. ನಮ್ಮೆಜಮಾನರೇ ಹಿಡೀತಾರೆ. ಅವರಂಗೆ ಹಿಡಿಯೋರು ಮದುರೇಲೂ ಇಲ್ಲ."

ಅಲ್ಲಿಯವರೆಗೆ ನಾನು ಹಿಡಿದದ್ದು ಆರು ಪಡ, ಅಂದರೆ ಫೋಟೋ. ಆರರಲ್ಲೂ ಇದ್ದದ್ದು ನಮ್ಮ ಎಮ್ಮೆ.

ಅದಕ್ಕಿಂತ ದೊಡ್ಡ ಮಾತನ್ನು ಅವಳು ತನ್ನ ತಾಯಿಕಡೆಯ ಅಜ್ಜಿಗೆ ಕೊಟ್ಟಿದ್ದಳು. ಅಜ್ಜಿ ನಾಗಮ್ಮಾಳ್‌ಗೆ ಎಂಬತ್ತು ದಾಟಿತ್ತು; ಅವರದೊಂದು ಪಡವೂ ಮನೆಯಲ್ಲಿರಲಿಲ್ಲ. ನಮ್ಮ ಮದುವೆಯಲ್ಲಿ ಹಿಡಿದದ್ದರಲ್ಲಿ ಅವರ ಕುತ್ತಿಗೆಯ ಕೆಳಗಿನ ಭಾಗ ಮಾತ್ರ ಬಂದಿತ್ತು. "ಈ ಸಲ ತಲೆ ಬರೋ ಹಂಗೆ ಹಿಡಿಯಪ್ಪ ಮಾಪ್ಳೆ," ಎಂದು ಅಜ್ಜಿ ನನ್ನ ಕೈ ಹಿಡಿದು ಕೇಳಿದರು. ನಾನು ತಲೆಗೆ ಹೊಣೆಯಾದೆ.

ನಿಶ್ಚಯದ ದಿನ ಮಾವ ಕರುಪ್ಪಯ್ಯನವರ ನಡುಮನೆ ತುಂಬಿ ತುಳುಕುತ್ತಿತ್ತು. ಹಳೆಯ ಮನೆ, ಸಣ್ಣ ಕಿಟಕಿ, ಹಗಲಲ್ಲೂ ಮಬ್ಬು. ನನ್ನ ವಿದ್ಯೆಗೆ ಹೇಳಿ ಮಾಡಿಸಿದ ಜಾಗ. ದೊಡ್ಡ ದೀಪವನ್ನು ಹೆಣ್ಣು ಕೂರುವ ಜಾಗದ ಹಿಂದೆ ಗೋಡೆಯ ಗೂಡಿನಲ್ಲಿಟ್ಟೆ. ಎದುರಿಗೆ ಕ್ಯಾಮೆರಾ ಹಿಡಿದು ಸೇನಾಧಿಪತಿಯಂತೆ ನಿಂತೆ.

ಅಷ್ಟರಲ್ಲಿ ಗಂಡಿನ ಕಡೆಯವರು ಆಂಡಿಪಟ್ಟಿಯಿಂದ ಬಂದರು. ತಟ್ಟೆ, ಹಣ್ಣು, ಹೂವಿನ ಹಿಂದೆ ಕುತ್ತಿಗೆಗೆ ಕ್ಯಾಮೆರಾ ತೂಗಿಕೊಂಡ ಒಬ್ಬ ತೆಳ್ಳಗಿನ ಯುವಕನೂ ಬಂದ. ತೇನಿಯ ಸ್ಟುಡಿಯೋದ ಮಾಯಾಂಡಿ. ಹೆಣ್ಣಿನ ಕಡೆ ಮದುರೆಗೂ ಮೀರಿದ ಕಲಾವಿದನಿದ್ದಾನೆಂಬ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

"ಅಣ್ಣೇ, ನೀವು ಹಿಡೀರಿ, ನಾನೂ ಒಂದು ಮೂಲೇಲಿ ಇರ್ತೀನಿ," ಎಂದ. ಬಹಳ ಮರ್ಯಾದಸ್ಥ. ನಾನು ಉದಾರವಾಗಿ ತಲೆಯಾಡಿಸಿದೆ.

ದೈವಾನೈ ಬಂದು ಕೂತಳು. ಮಾಯಾಂಡಿ ಒತ್ತಿದ. ಅವನ ಕೈಯ ಫ್ಲ್ಯಾಷ್ ಮಿಂಚಿತು. ಅದೇ ಗಳಿಗೆಯಲ್ಲಿ ಗೂಡಿನಲ್ಲಿದ್ದ ನನ್ನದೂ ಮಿಂಚಿತು.

ನಾನಿನ್ನೂ ಗುಂಡಿ ಮುಟ್ಟಿರಲಿಲ್ಲ. ಗಡಬಡಿಸಿ ಒತ್ತಿದೆ. ತಲೆಯ ಮೇಲಿನ ಚಿಕ್ಕದು ಮಿಣಕ್ ಎಂದಿತು. ದೊಡ್ಡದು ಗೂಡಿನಲ್ಲಿ ಕುಂಯ್‌ಗುಟ್ಟುತ್ತಾ ಕೂತಿತ್ತು. ಮೂರು ಸಲ ಹೀಗಾದ ಮೇಲೆ ನನಗೆ ಜ್ಞಾನೋದಯವಾಯಿತು. ಆ ಕಣ್ಣಿಗೆ ಯಜಮಾನನ ಗುರುತಿಲ್ಲ; ಯಾರು ಮಿಂಚಿದರೂ ಅದು ಮಿಂಚುತ್ತದೆ.

ಜನರ ನಡುವೆ ತೂರಿ ಹೋಗಿ ಚೆಲ್ಲಮ್ಮಾಳನ್ನು ಗೂಡಿನ ಹತ್ತಿರ ನಿಲ್ಲಿಸಿದೆ. "ಅವನು ಒತ್ತುವಾಗ ಕಣ್ಣು ಮುಚ್ಚು. ನಾನು ಒತ್ತುವಾಗ ತೆಗೆ."

"ಸರಿ ಮಾಮ."

ಮಾಯಾಂಡಿ ಒತ್ತಿದ. ಇವಳು ತನ್ನ ಎರಡು ಕಣ್ಣುಗಳನ್ನು ಭದ್ರವಾಗಿ ಮುಚ್ಚಿಕೊಂಡಳು. ದೀಪ ಮಿಂಚಿತು.

"ನಿನ್ನ ಕಣ್ಣಲ್ಲ, ಅದರ ಕಣ್ಣು," ಎಂದು ಈಚೆಯಿಂದ ಕೂಗಿದೆ.

"ಹಂಗಂತ ಹೇಳಬೇಕಿತ್ತು. ಯಾರ ಕಣ್ಣು ಅಂತ ನಂಗೇನು ಕನಸಾ?"

ಗಂಡಿನ ತಂದೆ ತಿರುಗಿ ನೋಡಿದರು. ಮುಂದಿನ ಸಲ ಅವಳು ಸರಿಯಾದ ಕಣ್ಣನ್ನೇ ಅಂಗೈಯಿಂದ ಮುಚ್ಚಿದಳು, ಆದರೆ ಉಂಗುರ ತೊಡಿಸುವುದನ್ನು ನೋಡುತ್ತಾ ತೆಗೆಯುವುದನ್ನು ಮರೆತಳು. ನಾನು ಒತ್ತಿದಾಗ ಕತ್ತಲೆ. "ಬಿಡು, ಬಿಡು," ಎಂದೆ. ಬಿಟ್ಟಳು, ಮಾಯಾಂಡಿ ಒತ್ತುವ ಹೊತ್ತಿಗೆ ಸರಿಯಾಗಿ. ಅವನಿಗೋ ಅಷ್ಟರಲ್ಲಿ ಮರ್ಮ ತಿಳಿದಿತ್ತು. "ಅಕ್ಕಾ, ಆ ವೆಳಿಚ್ಚನ ಕೊಂಚ ಎಡಕ್ಕೆ ತಿರುಗಿಸಿ," ಎಂದು ವಿನಯದಿಂದ ಕೇಳಿದ. ನನ್ನ ಹೆಂಡತಿ, ನನ್ನ ಮಾತು ಒಂದೂ ಅರ್ಥವಾಗದ ಹೆಂಡತಿ, ಬೆಳಕನ್ನು ಎಡಕ್ಕೆ ತಿರುಗಿಸಿದಳು.

ಇನ್ನು ಅಜ್ಜಿಯ ಸರದಿ. ಅವರು ರೇಷ್ಮೆ ಸೀರೆಯುಟ್ಟು, ಮೊಮ್ಮಗಳ ಪಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. "ಯಾವನಾದ್ರೂ ಒಬ್ಬ ಬೇಗ ಹಿಡೀರಪ್ಪ. ನಗು ಹಿಡ್ಕೊಂಡು ದವಡೆ ನೋಯ್ತದೆ."

ಈ ಒಂದನ್ನಾದರೂ ಬಿಟ್ಟುಕೊಡಬಾರದೆಂದು ನನಗೆ ಹುಚ್ಚು ಹಿಡಿಯಿತು. ಕ್ಯಾಮೆರಾವನ್ನು ಮಾವನ ಕೈಗೆ ತುರುಕಿ, ಗೂಡಿಗೆ ಧಾವಿಸಿ, ಮಾಯಾಂಡಿಗೆ ಬೆಳಕು ಸಿಗದಂತೆ ಹೆಂಡತಿಯಿಂದ ದೀಪ ಕಸಿದುಕೊಂಡೆ.

"ಕೊಡೆ ಇಲ್ಲಿ."

"ಎಳೀಬ್ಯಾಡಿ ಮಾಮ, ಹಿಂದೆ ದ್ರಾಕ್ಷಿ ಐತೆ."

ಐತೆ ಎನ್ನುವಷ್ಟರಲ್ಲಿ ನಾನು ಅದರಲ್ಲಿದ್ದೆ. ಗಂಡಿನ ಕಡೆಯವರಿಗೆ ಕಳಿಸಲೆಂದು ತೋಟದಿಂದ ತಂದಿದ್ದ ಮಂಕರಿ ತುಂಬ ಕರಿದ್ರಾಕ್ಷಿ. ನಾನು ಪಂಚೆ ಸಮೇತ ಅದರಲ್ಲಿ ಕೂತಿದ್ದೆ. ದೀಪ ಒಡೆಯಬಾರದೆಂದು ಬಲಗೈಯನ್ನು ಮಾತ್ರ ಆಕಾಶಕ್ಕೆತ್ತಿದ್ದೆ. ಅಜ್ಜಿ ಹಿಂತಿರುಗಿ ನೋಡಿದರು. ಹಿಡಿದಿದ್ದ ನಗುವನ್ನು ಬಿಟ್ಟು ಬೇರೆಯೇ ಒಂದು ನಗು ನಗುತ್ತಾ, ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ವಾಲಿದರು. ಮಾಯಾಂಡಿ ಒತ್ತಿದ. ನನ್ನ ಕೈಯಲ್ಲಿ ದೀಪ ಮಿಂಚಿತು.

ಹದಿನೈದು ದಿನಕ್ಕೆ ಪಡಗಳು ಬಂದವು. ನಾನು ಹಿಡಿದ ಹನ್ನೆರಡರಲ್ಲಿ ಹನ್ನೊಂದು ನಡುರಾತ್ರಿಯ ಸುರಂಗದಂತಿದ್ದವು. ಹನ್ನೆರಡನೆಯದು ಮಾವನ ಕೈಯಲ್ಲಿ ಗುಂಡಿ ತಾನಾಗಿ ಒತ್ತಿಹೋದದ್ದು. ಅದರಲ್ಲಿ ಮಾವನ ಮೂಗಿನ ಒಂದು ಹೊಳ್ಳೆ ಮಸುಕಾಗಿತ್ತು.

ಮಾಯಾಂಡಿಯದರಲ್ಲಿ ಅಜ್ಜಿ ಇದ್ದರು. ಹಲ್ಲಿಲ್ಲದ ಬಾಯಿ ತುಂಬ ನಗು. ಹಿಂದಿನಿಂದ ಬಿದ್ದ ಬೆಳಕಿಗೆ ಅವರ ಬಿಳಿಕೂದಲು ಎಳೆಎಳೆಯಾಗಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ನಾನು ಎಲ್ಲಿಯೂ ಕಾಣುತ್ತಿರಲಿಲ್ಲ. ಚೆಲ್ಲಮ್ಮಾಳ್ ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನ ತುದಿಯಿಂದ ಒರೆಸಿದಳು. ಅಜ್ಜಿ ಪಡದಲ್ಲಿದ್ದ ತಮ್ಮ ತಲೆಯ ಮೇಲೆ ಬೆರಳಿಟ್ಟು, "ಬಂದದೆ ಕಣೋ," ಎಂದರು. ಅವತ್ತು ನನಗೆ ಹೊಟ್ಟೆಯುರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಆ ಪಡದಿಂದ ಕಣ್ಣು ಕೀಳಲಾಗಲಿಲ್ಲ.

ಪಡ ತಂದವನು ಮಾಯಾಂಡಿಯೇ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸಂಕೋಚದಿಂದ ಶುರುಮಾಡಿದ. "ಅಣ್ಣೇ, ಈ ಪಡ ನೋಡಿ ನಾಲ್ಕು ಮನೆಯೋರು ಮದುವೆ ಪಡ ಹಿಡಿಯೋಕೆ ನನಗೇ ಹೇಳವ್ರೆ. ಇದೇ ವೆಳಿಚ್ಚ ಬೇಕಂತೆ. ನೀವೂ ಜೊತೇಲಿ ಬಂದ್ರೆ..."

ನನ್ನ ಎದೆ ಉಬ್ಬಿತು. "ಅದಕ್ಕೇನಂತೆ, ಇಬ್ಬರೂ ಹಿಡಿಯೋಣ. ನನ್ನ ಕ್ಯಾಮೆರಾ..."

"ಕ್ಯಾಮೆರಾ ಬ್ಯಾಡ ಅಣ್ಣೇ," ಎಂದ ಮಾಯಾಂಡಿ.

"ಬತ್ತಾರೆ," ಎಂದಳು ಚೆಲ್ಲಮ್ಮಾಳ್, ನನ್ನ ಕಡೆ ತಿರುಗಿಯೂ ನೋಡದೆ.

ಪಂಗುಣಿ ತಿಂಗಳ ಮೊದಲ ಮುಹೂರ್ತಕ್ಕೆ ಉತ್ತಮಪಾಳಯದ ಮದುವೆಮನೆಯೊಂದರಲ್ಲಿ, ಮದುಮಗಳ ಹಿಂದೆ, ಬಾಳೆಕಂಬದ ಮರೆಯಲ್ಲಿ ದೀಪವೆತ್ತಿ ನಿಂತಿದ್ದೆ. ಹೆಣ್ಣಿನ ತಂದೆಗೆ ನನ್ನನ್ನು ಕಂಡು ಅನುಮಾನ ಬಂತು.

"ಹಿಂದುಗಡೆ ನಿಂತವ್ರಲ್ಲ, ಅವರು ಯಾರು?"

"ಅವರಾ?" ಎಂದ ಮಾಯಾಂಡಿ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ನೀವೇನೂ ಯೋಚನೆ ಮಾಡಬ್ಯಾಡಿ. ಅವರು ಪಡದಲ್ಲಿ ಬೀಳಲ್ಲ."