ಚಪ್ಪಾಳೆ ಡಬ್ಬಿ

“ಕೂತ ಮನುಷ್ಯ ಕೂತಂಗೇ ಇದ್ದು, ಬೇಕಾದಾಗ ಕತ್ಲೆ ತಾನಾಗೇ ಬರೋಂಗೆ ಯಾಕಾಗಬಾರ್ದು?”

ಕದಿರಪ್ಪ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕೋಲಾರ ಚಿನ್ನದ ಗಣಿಯ ನಂದಿದುರ್ಗ ಲೈನಿನ ಸಾಲುಮನೆಗಳಲ್ಲಿ, ತನ್ನ ಒಂದೂವರೆ ಕೋಣೆಯ ಮನೆಯಲ್ಲಿ, ಆರಾಮ ಕುರ್ಚಿಗೆ ಒರಗಿ, ಸೂರು ನೋಡುತ್ತ ಕೇಳಿದ್ದ. ಸೂರು ಮಾತಾಡಲಿಲ್ಲ. ಆದರೆ ಲೈನಿನ ಮನೆಗಳ ನಡುಗೋಡೆ ಸೂರಿನವರೆಗೆ ಮುಟ್ಟುವುದಿಲ್ಲ. ಪಕ್ಕದ ಗಂಗರತ್ನಮ್ಮನ ಮನೆಯಲ್ಲಿ ಫ್ಯಾನು ಬಿಚ್ಚಿಕೊಂಡು ಕೂತಿದ್ದ ಗಣಿಯ ಎಲೆಕ್ಟ್ರಿಷಿಯನ್ ಕುಪ್ಪುಸ್ವಾಮಿ ಅಲ್ಲಿಂದಲೇ ಉತ್ತರ ಕೊಟ್ಟ.

“ಆಗುತ್ತಣ್ಣಾ. ಒಂದು ವಾರ ಟೈಮು ಕೊಡು.”

ಕದಿರಪ್ಪ ಲ್ಯಾಂಪ್ ರೂಮಿನವನು. ಇಪ್ಪತ್ತು ವರ್ಷದಿಂದ ಪಾತಾಳಕ್ಕೆ ಇಳಿಯುವವರ ಕೈಗೆ ದೀಪ ಕೊಡುವುದು, ಮೇಲೆ ಬಂದವರ ಕೈಯಿಂದ ದೀಪ ಇಸಿದುಕೊಳ್ಳುವುದು, ನಡುವೆ ಸಿಕ್ಕ ಹೊತ್ತಿನಲ್ಲಿ ಷಟ್ಪದಿ ಗುನುಗುವುದು ಅವನ ಬಾಳು. ಪದ್ಯ ಓದುವ ವಿದ್ಯೆ ಬೂದಿಕೋಟೆಯ ಅಪ್ಪನಿಂದ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಮಗ ಓದಿದಾಗೆಲ್ಲ ತಾಯಿ ಅಕ್ಕಯ್ಯಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದಳು. ಕೇಳಿ ಮುಗಿದ ಮೇಲೆ ಹದಿನೈದು ವರ್ಷದಿಂದ ಒಂದೇ ಮಾತು: “ನಿಮ್ಮಪ್ಪ ಓದ್ದಂಗಿಲ್ಲ ಬುಡು.”

ಹೀಗಿರುವಾಗ ಬೆಂಗಳೂರಿನ ಟಿವಿಯವರು ಕದಿರಪ್ಪನನ್ನು ಕರೆಸಿ, ಮುಖಕ್ಕೆ ಪೌಡರು ಬಳಿದು, ಹತ್ತು ನಿಮಿಷ ಪದ್ಯ ಓದಿಸಿ ಕಳಿಸಿದ್ದರು. ಮಂಗಳವಾರ ಸಂಜೆ ಆರೂವರೆಗೆ ಪ್ರಸಾರ. ಅಂದಿನಿಂದ ಅವನಿಗೆ ಒಂದೇ ಕನಸು. ಬೆಳದಿಂಗಳು ಮೋಡಕ್ಕೆ ಸರಿದ ಹಾಗೆ ಕೋಣೆಯ ದೀಪ ತಾನೇ ಆರಬೇಕು. ಕತ್ತಲಲ್ಲಿ ಬಣ್ಣದ ಟಿವಿ ತಾನೇ ಅರಳಬೇಕು. ನಾಲ್ಕು ಕಡೆಯಿಂದ ತನ್ನ ದನಿ ಹೊಳೆಯಂತೆ ಬರಬೇಕು. ಆ ದನಿಯಲ್ಲಿ ತಾಯಿ ತೇಲಬೇಕು. ಆಗ ಅವಳ ಬಾಯಲ್ಲಿ ಬೇರೆ ಮಾತು ಬಂದೀತು. ಅಂಥ ಹೊತ್ತಲ್ಲಿ ಯಾರಾದರೂ ಎದ್ದು ಟಕ್ಕನೆ ಸ್ವಿಚ್ಚು ಒತ್ತಿದರೆ ರಸವೆಲ್ಲ ಒಡೆದ ಮಡಕೆಯ ನೀರಾಗುತ್ತದೆ.

ಮಂಗಳವಾರ ಬೆಳಿಗ್ಗೆ ಕುಪ್ಪುಸ್ವಾಮಿ ಒಂದು ಅಲ್ಯೂಮಿನಿಯಂ ತಿಂಡಿ ಡಬ್ಬಿ ತಂದು ಗೋಡೆಗೆ ಮೊಳೆ ಹೊಡೆದು ಬಿಗಿದ. ಮುಚ್ಚಳದಲ್ಲಿ ಪುಟ್ಟ ತೂತು, ತೂತಿನ ಹಿಂದೆ ಪುಟ್ಟ ಮೈಕು.

“ಇದಕ್ಕೆ ಕಿವಿ ಐತಣ್ಣಾ. ಒಂದು ಚಪ್ಪಾಳೆ ತಟ್ಟು, ದೀಪ ಆರಿ ಟಿವಿ ಹತ್ತುತ್ತೆ. ಇನ್ನೊಂದು ತಟ್ಟು, ಟಿವಿ ಆರಿ ದೀಪ ಹತ್ತುತ್ತೆ. ಕವಲೆ ಪಡಬೇಡ, ಚಿಂತೆ ಬಿಡು, ಜಪಾನಲ್ಲೆಲ್ಲಾ ಹಿಂಗೇ.”

ಕದಿರಪ್ಪ ಬಂಗಾರಪೇಟೆಗೆ ಹೋಗಿ, ಮೈಕ್‌ಸೆಟ್ ಬಚ್ಚಪ್ಪನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಬೇಡಿಕೊಂಡು ಬಂದ. ಒಂದು ಮನೆಯ ಓಲಗವನ್ನು ಮೂರು ಊರಿಗೆ ಕೇಳಿಸಿದ ಪೆಟ್ಟಿಗೆಗಳು ಅವು. ಪ್ಯಾಸೆಂಜರ್ ರೈಲಿನಲ್ಲಿ ಅವನ್ನು ಅವಳಿ ಕೂಸುಗಳಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದು, ಟಿವಿಯ ಆಚೆ ಈಚೆ ನಿಲ್ಲಿಸಿದ. ಮನೆಯಲ್ಲಿ ಮನುಷ್ಯರಿಗೆ ಉಳಿದ ಜಾಗ ಕಡಿಮೆಯಾಯಿತು.

ಮಧ್ಯಾಹ್ನದಿಂದ ಡಬ್ಬಿಯ ಕಿವಿ ಎಷ್ಟು ಚುರುಕೆಂಬುದು ತಿಳಿಯುತ್ತ ಬಂತು. ಹಿತ್ತಲಲ್ಲಿ ಗಂಗರತ್ನಮ್ಮ ಕಲ್ಲಿಗೆ ಸೀರೆ ಬಡಿದಳು, ಟಿವಿ ಹತ್ತಿತು. ಹೆಂಡತಿ ಅನಸೂಯಮ್ಮ ರೊಟ್ಟಿ ತಟ್ಟಿದಳು, ಟಿವಿ ಆರಿತು. ಐದು ಗಂಟೆಗೆ ನೆಲದಾಳದಲ್ಲಿ ದಿನದ ಮದ್ದು ಸಿಡಿಸಿದರು, ಟಿವಿ ಮತ್ತೆ ಹತ್ತಿತು.

“ಅಲ್ಲ ಕಣಣ್ಣ,” ಎಂದಳು ಗಂಗರತ್ನಮ್ಮ ಗೋಡೆಯಾಚೆಯಿಂದ, “ನೀನು ಟಿವಿ ನೋಡೋಕೆ ನಾವು ಕೊಳಕು ಸೀರೆ ಉಟ್ಕೊಂಡು ಇರ್ಬೇಕಾ?”

“ಇವತ್ತೊಂದಿನ ತಾಯಿ. ಆರೂವರೆಗಂಟ.”

ಕದಿರಪ್ಪ ಲೈನಿನ ಮನೆಮನೆಗೂ ಹೋಗಿ, ಯಾರೂ ಬಡಿಯಬಾರದು, ಕುಟ್ಟಬಾರದು, ತಟ್ಟಬಾರದು ಎಂದು ಕೂಗಿ ಹೇಳಿದ. ಹೇಳಿ ಹೇಳಿ, ಹೊತ್ತು ಮುಳುಗುವಷ್ಟರಲ್ಲಿ ಅವನ ಗಂಟಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು.

ಆರು ಗಂಟೆಗೆ ಅಕ್ಕಯ್ಯಮ್ಮ ಮೊರದಲ್ಲಿ ಅವರೆಕಾಯಿ ಹಿಡಿದು ಒಳಗೆ ಬಂದಳು. ಅದೇ ಗಳಿಗೆಗೆ ಕುಪ್ಪುಸ್ವಾಮಿ ಕೊನೆಯ ಪರೀಕ್ಷೆಗೆಂದು ಚಪ್ಪಾಳೆ ತಟ್ಟಿದ. ಟಿವಿ ಆರಿ ದೀಪ ಹತ್ತಿತು. ಮುಸ್ಸಂಜೆಯಲ್ಲಿ ದೀಪ ಹತ್ತಿದ್ದನ್ನು ಕಂಡು ಮುದುಕಿ ಮೊರ ಇಳಿಸಿ, ಕೈ ಮುಗಿದು, ಪಟಪಟನೆ ಮೂರು ಸಲ ಕೆನ್ನೆ ಬಡಿದುಕೊಂಡಳು. ದೀಪ ಆರಿತು, ಹತ್ತಿತು, ಆರಿತು.

“ಅಯ್ಯೋ, ಹಚ್ಚಿದ ದೀಪ ಆರೋಯ್ತಲ್ಲಪ್ಪ, ಏನು ತಪ್ಪು ಮಾಡಿದ್ನೋ,” ಎಂದು ತಪ್ಪಿಗೆ ಒಂದು ಸಲ ಬಡಿದುಕೊಂಡಳು. ದೀಪ ಹತ್ತಿತು. ಸದ್ಯ ಎಂದು ಮತ್ತೆ ಮೂರು ಸಲ ಬಡಿದುಕೊಂಡಳು. ಮತ್ತೆ ಆರಿದ ದೀಪವನ್ನು ಕುಪ್ಪುಸ್ವಾಮಿ ಒಂದು ಚಪ್ಪಾಳೆ ತಟ್ಟಿ ಹತ್ತಿಸಿದ.

ಕದಿರಪ್ಪ ಓಡಿ ಬಂದು ತಾಯಿಯ ಎರಡೂ ಕೈ ಹಿಡಿದ. “ಅಮ್ಮಾ, ಪದ್ಯದಾಗೆ ದೇವರ ಎಸ್ರು ಅಡಿಗಡಿಗೂ ಬತ್ತದೆ. ಒಂದೊಂದು ಸಲಾನೂ ನೀನು ಇಂಗೆ ಬಡ್ಕೊಂಡ್ರೆ ಕೆಟ್ಟೆ ನಾನು. ಕೈ ಸೆರಗಿನಾಗೆ ಕಟ್ಕೊಂಡು ಕೂತ್ಕೋ.”

ಅಕ್ಕಯ್ಯಮ್ಮ ಮಗನ ಮುಖವನ್ನೇ ನೋಡಿದಳು. ಅವಳ ಕಣ್ಣು ಮಂಜಾಗಿ ವರ್ಷವಾಗಿತ್ತು. ಆದರೂ ಚೆನ್ನಾಗಿ ನೋಡಿದಳು.

“ನಿಮ್ಮಪ್ಪ ಓದುವಾಗ ಅಟ್ಟಿ ಜನವೆಲ್ಲಾ ಕೆನ್ನೆ ಬಡ್ಕಂತಿದ್ರು ಕಣ್ಲಾ. ದೇವ್ರು ಬಂದಾಗ ಕೈ ಕಟ್ಕೊಂಡು ಕೂತ್ಕೊಳೋಕೆ ನಾನೇನು ಕಳ್ಳಿಯಾ?” ಎಂದು ಮೊರ ಎತ್ತಿಕೊಂಡು ಪಕ್ಕದ ಮನೆಗೆ ಹೊರಟೇಬಿಟ್ಟಳು.

“ಅತ್ತೇನ ಕರ್ಕೊಂಡು ಬರ್ಲಾ?” ಎಂದಳು ಅನಸೂಯಮ್ಮ. ಹೊತ್ತಿರಲಿಲ್ಲ. ಆಗಲೇ ಲೈನಿನವರು ಬಂದು ತುಂಬಿಕೊಳ್ಳುತ್ತಿದ್ದರು. ಬಂದವರೆಲ್ಲ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಮೊಟ್ಟೆಗೆ ಕೂತ ಕೋಳಿಗಳಂತೆ ಕೂತರು.

ಆರೂವರೆ. ಕದಿರಪ್ಪ ಕುರ್ಚಿಯಲ್ಲಿ ಒರಗಿ, ಕಣ್ಣು ಅರೆ ಮುಚ್ಚಿ, ಒಂದೇ ಒಂದು ಚಪ್ಪಾಳೆ ತಟ್ಟಿದ. ಬೆಳದಿಂಗಳು ಮೋಡಕ್ಕೆ ಸರಿದ ಹಾಗೆ ದೀಪ ಆರಿತು. ಕತ್ತಲಲ್ಲಿ ಟಿವಿ ಅರಳಿತು. ಅದರೊಳಗೆ, ಜರತಾರಿ ಶಲ್ಯ ಹೊದ್ದು, ಪೌಡರು ಬಳಿದುಕೊಂಡು ಅವನೇ ಕೂತಿದ್ದ. ನಿರೂಪಕಿ ನಕ್ಕು ಹೇಳಿದಳು: “ಈಗ ಕೋಲಾರ ಚಿನ್ನದ ಗಣಿಯ ಕದಿರಪ್ಪನವರಿಂದ ಕಾವ್ಯವಾಚನ.”

ಟಿವಿಯೊಳಗಿನ ಸಭೆ ಚಪ್ಪಾಳೆ ತಟ್ಟಿತು.

ಬಚ್ಚಪ್ಪನ ಪೆಟ್ಟಿಗೆಗಳಲ್ಲಿ ಆ ಚಪ್ಪಾಳೆ ಆಲಿಕಲ್ಲಿನಂತೆ ಸುರಿಯಿತು. ಡಬ್ಬಿ ಕೇಳಿಸಿಕೊಂಡಿತು. ಟಿವಿ ಆರಿತು, ದೀಪ ಹತ್ತಿತು.

ಕದಿರಪ್ಪ ತಟ್ಟಿದ. ಟಿವಿ ಹತ್ತಿತು, ಒಳಗಿನ ಸಭೆ ಇನ್ನೂ ತಟ್ಟುತ್ತಿತ್ತು, ಆರಿತು. “ತಟ್ರಪ್ಪಾ, ಎಲ್ಲಾರೂ ತಟ್ಟಿ,” ಎಂದು ಅವನು ಉಳಿದ ಗಂಟಲಿನಲ್ಲಿ ಅರಚಿದ. ಸಂಜೆಯಿಂದ ಕಟ್ಟಿಹಾಕಿದ್ದ ಕೈಗಳೆಲ್ಲ ಒಟ್ಟಿಗೆ ಬಿಡುಗಡೆಯಾದವು. ಇಪ್ಪತ್ತು ಜನ ಇಪ್ಪತ್ತು ತಾಳದಲ್ಲಿ ತಟ್ಟಿದರು. ಡಬ್ಬಿ ಮಳೆಗಾಲದ ಕಪ್ಪೆಯಂತೆ ವಟಗುಟ್ಟಿತು, ಮಿಂಚಿತು, ಠಪ್ಪೆಂದಿತು. ಸುಟ್ಟ ವಾಸನೆ ಬಂತು. ದೀಪವೂ ಇಲ್ಲ, ಟಿವಿಯೂ ಇಲ್ಲ.

“ಫ್ಯೂಸು,” ಎಂದ ಕುಪ್ಪುಸ್ವಾಮಿ ಕತ್ತಲಲ್ಲಿ. “ತಂತಿ ನಮ್ಮನೇಲೈತೆ.”

ಮಾತು ನಿಂತಾಗ, ನಡುಗೋಡೆಯ ಮೇಲಿನ ಸಂದಿಯಿಂದ, ಸೂರಿಗೆ ತಾಕಿ ತಣ್ಣಗೆ ಇಳಿಯಿತು ಒಂದು ದನಿ. ಗಂಗರತ್ನಮ್ಮನ ಹಳೆಯ ಕಪ್ಪು ಬಿಳುಪು ಟಿವಿಯಲ್ಲಿ ಕದಿರಪ್ಪ ಪದ್ಯ ಎತ್ತಿಕೊಂಡಿದ್ದ.

ಕ್ಷಣದಲ್ಲಿ ಮನೆ ಬರಿದಾಯಿತು. ಅನಸೂಯಮ್ಮ ಎಲ್ಲರಿಗಿಂತ ಮುಂದೆ. ಕುರ್ಚಿಯಿಂದ ಏಳಬಾರದೆಂದು ಇಷ್ಟೆಲ್ಲ ಮಾಡಿದ ಕದಿರಪ್ಪ ಎದ್ದ. ಸ್ಪೀಕರ್ ಎಡವಿದ, ಒಂದು ಚಪ್ಪಲಿ ಕಳೆದುಕೊಂಡ, ಹೊರಗೆ ಓಡಿದ. ಅಷ್ಟರಲ್ಲಿ ಪಕ್ಕದ ಮನೆ ಹೊಸ್ತಿಲವರೆಗೂ ತುಂಬಿತ್ತು. ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ, ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಅಕ್ಕಯ್ಯಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಅವರೆಕಾಯಿ ಹಾಗೇ ಇತ್ತು. ಒಳಗೆ ಆ ದನಿ ಏರಿ, ದೇವರ ಹೆಸರಿನ ಮೇಲೆ ನಿಂತು, ಮೆಲ್ಲಗೆ ಇಳಿಯಿತು. ಮುದುಕಿ ಮೂರು ಸಲ ಕೆನ್ನೆ ಬಡಿದುಕೊಂಡಳು. ಏನೂ ಆರಲಿಲ್ಲ.

ಕದಿರಪ್ಪನಿಗೆ ಬೆನ್ನುಗಳು ಮಾತ್ರ ಕಂಡವು. ಅವನು ಬಗ್ಗಿ, ಕಿರುಗುಟ್ಟುವ ಗಂಟಲಿನಲ್ಲಿ ಪಿಸುಗುಟ್ಟಿದ: “ಒಸಿ ಜರುಗಮ್ಮಾ, ನಾನು ಒಳೀಕೆ ಓಗ್ಬೇಕು.”

ಅಕ್ಕಯ್ಯಮ್ಮ ಕಣ್ಣು ತೆರೆಯಲಿಲ್ಲ, ತಿರುಗಲೂ ಇಲ್ಲ. ದನಿ ಯಾರದೆಂದು ಕೇಳಲೂ ಇಲ್ಲ.

“ಜರುಗಾಕಿಲ್ಲ ಓಗಪ್ಪ. ನನ್ನ ಮಗ ಓದ್ತಾವ್ನೆ, ಅವ್ರಪ್ಪ ಓದ್ದಂಗೇ.”