ಕಾಫಿಪುಡಿ ರುದ್ರೇಶನ ಪಥ್ಯ

ಹೋಮಿಯೋಪತಿ ಡಾಕ್ಟರು ಕಾಫಿ ಬಿಡು ಅಂದದ್ದೇ ಎಲ್ಲ ಫಜೀತಿಗೂ ಮೂಲ. ಬೇರೆ ಯಾರಿಗಾದರೂ ಅಂದಿದ್ದರೆ ನಡೆಯುತ್ತಿತ್ತು. ಆದರೆ ಅವರು ಅಂದದ್ದು ಆಲ್ದೂರಿನ ಬಸ್‌ಸ್ಟ್ಯಾಂಡ್ ಪಕ್ಕ ಮೂರು ತಲೆಮಾರಿನಿಂದ ಕಾಫಿಪುಡಿ ಮಾರುವ ಮನೆತನದ ರುದ್ರೇಶನಿಗೆ.

ರುದ್ರೇಶನಿಗೆ ಉಬ್ಬಸ. ಬೀಜ ಹುರಿಯುವ ಹೊಗೆ, ಪುಡಿಯ ಧೂಳು ಎಲ್ಲ ಎದೆ ಸೇರಿ ರಾತ್ರಿಯಿಡೀ ಸುಯ್ಯೆನ್ನುತ್ತಿತ್ತು. ಜೇಬಿನಲ್ಲಿ ಇನ್ಹೇಲರ್ ಇತ್ತು. ಹೆಂಡತಿ ರಜನಿಗೆ ಅಷ್ಟು ಸಾಲದು, ಕಾಯಿಲೆಯನ್ನು ಬೇರುಸಮೇತ ಕೀಳಬೇಕು. ಎದುರು ಸಾಲಿನ ಡಾಕ್ಟರ್ ಷಡಕ್ಷರಿಯವರ ಹತ್ತಿರ ಎಳೆದುಕೊಂಡೇ ಹೋದಳು. ಅವರು ಸಾಸಿವೆ ಗಾತ್ರದ ಬಿಳಿ ಗುಳಿಗೆ ಕೊಟ್ಟರು.

"ಇನ್ಹೇಲರ್ ಬಿಡಬೇಡಿ, ಕಾಫಿ ಬಿಡಿ. ಕುಡಿಯೋದಿರಲಿ, ವಾಸನೇನೂ ತಗೋಬಾರ್ದು. ಒಂದು ಗುಟುಕು ಒಳಗೆ ಹೋದ್ರೆ ತಿಂದ ಗುಳಿಗೆ ಎಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಅಂದಿನಿಂದ ರುದ್ರೇಶ ಮೂಗಿಗೆ ಟವೆಲು ಸುತ್ತಿಕೊಂಡೇ ವ್ಯಾಪಾರ ಮಾಡಿದ. ಕಾಫಿಪುಡಿಯ ಡ್ರಮ್ಮಿಗಾಗಲಿ, ಅದಕ್ಕೆ ಬೆರೆಸುವ ಚಿಕೋರಿ ಬೇರಿನ ಪುಡಿಯ ಡ್ರಮ್ಮಿಗಾಗಲಿ ಆ ಅಂಗಡಿಯಲ್ಲಿ ಚೀಟಿ ಅಂಟಿಸಿದವರಿಲ್ಲ. ಮೂಗಿದ್ದವನಿಗೆ ಚೀಟಿ ಯಾಕೆ ಅನ್ನುವುದು ಅವನ ಅಜ್ಜನ ಮಾತು. ಆದರೂ ನಲವತ್ತು ದಿನ ಯಾವ ತೊಂದರೆಯೂ ಇಲ್ಲದೆ ಕಳೆಯಿತು. ರುದ್ರೇಶ ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದ. ಅದು ಗುಳಿಗೆಯಿಂದಲೋ, ಧೂಳು ತಡೆದ ಟವೆಲಿನಿಂದಲೋ ಶಿವನೇ ಬಲ್ಲ.

ನಲವತ್ತೊಂದನೆಯ ದಿನ ಬೆಳಿಗ್ಗೆ ಬಾಳೂರಿನ ದಿಲೀಪ್ ಜೀಪಿನಿಂದ ಇಳಿದರು. ಅವರಿಗೆ ಮೂರು ಹೋಮ್‌ಸ್ಟೇ, ಜೊತೆಗೆ ತೋಟ. ತೋಟದ ಒಳ್ಳೇ ಕಾಫಿಬೀಜವನ್ನೆಲ್ಲ ಮಾರಿ, ಕುಡಿಯಲಿಕ್ಕೆ ಪುಡಿಯನ್ನು ಪೇಟೆಯಿಂದ ತರುವುದು ನಮ್ಮ ಕಡೆಯ ಜಾಣತನ. ಇನ್ನು ಮೇಲೆ ಮೂರಕ್ಕೂ ಪುಡಿ ರುದ್ರೇಶನ ಅಂಗಡಿಯಿಂದಲೇ ಅಂತ ಅವರ ಮನಸ್ಸಿನಲ್ಲಿತ್ತು. ಆ ಒಂದು ವ್ಯಾಪಾರ ಸಿಕ್ಕಿದರೆ ಅಂಗಡಿ ಉಳಿಯುತ್ತದೆ ಅಂತ ರುದ್ರೇಶನೂ ಕಾದಿದ್ದ.

ಹೊಸ ಗಿರಾಕಿ ಬಂದರೆ ಮೊದಲ ಲೋಟ ಅಂಗಡಿಯವನೇ ಕುಡಿದು ತೋರಿಸಬೇಕು. ಅದು ಆ ಅಂಗಡಿಯ ಪದ್ಧತಿ. ರಜನಿ ಎರಡು ಲೋಟ ತಂದಿಟ್ಟಳು. ರುದ್ರೇಶ ಎರಡನ್ನೂ ದಿಲೀಪರ ಕಡೆಗೇ ಸರಿಸಿದ.

"ಯಾಕೆ, ನೀವು ಕುಡಿಯಲ್ವಾ?"

"ಬಿಟ್ಟಿದೀನಿ. ಡಾಕ್ಟರು ಬೇಡ ಅಂದಿದಾರೆ."

ಉಬ್ಬಸ ಅನ್ನಲು ನಾಚಿಕೆ. ಪುಡಿ ಮಾರುವವನಿಗೇ ಪುಡಿ ಆಗುವುದಿಲ್ಲ ಅಂದರೆ ಹೇಗೆ? ದಿಲೀಪ್ ಲೋಟ ಮುಟ್ಟದೆ ಎದ್ದರು. "ಪೇಟೇಲಿ ಸ್ವಲ್ಪ ಕೆಲಸ ಇದೆ ಮಾರಾಯ್ರೆ, ಮಧ್ಯಾಹ್ನ ಬರ್ತೀನಿ."

ಪಕ್ಕದ ಬಳೆ ಅಂಗಡಿಯ ಗಿರಿಜಾಂಬಾಗೆ ಅಷ್ಟು ಕೇಳಿದ್ದೇ ಸಾಕಾಯಿತು. ಒಂಬತ್ತು ಗಂಟೆಗೆ ರುದ್ರೇಶ ತನ್ನ ಪುಡಿ ತಾನೇ ಕುಡಿಯುವುದಿಲ್ಲವಂತೆ ಅಂತಿದ್ದ ಸುದ್ದಿ, ಹತ್ತಕ್ಕೆ ಅದರಲ್ಲಿ ಹುಣಸೆಬೀಜ ಹಾಕುತ್ತಾನಂತೆ ಅಂತಾಯಿತು. ಹನ್ನೊಂದಕ್ಕೆ, ಅದನ್ನು ಕುಡಿದೇ ರುದ್ರೇಶ ಆಸ್ಪತ್ರೆ ಸೇರಿದ್ದಾನೆ ಅಂತ ರುದ್ರೇಶನಿಗೇ ಫೋನು ಬಂತು.

ಆಮೇಲೆ ಹೋದ ವಾರದ ಪೊಟ್ಟಣಗಳು ಒಂದೊಂದಾಗಿ ವಾಪಸು ಬಂದವು. ರುದ್ರೇಶ ಕೈಮುಗಿದು, ಅವತ್ತು ಬೆಳಿಗ್ಗೆ ತಾನೇ ಬೆರೆಸಿದ ಹೊಸ ಪುಡಿ ಬದಲಿಗೆ ಕೊಟ್ಟು ಕಳಿಸಿದ.

ಗಿರಿಜಾಂಬಾ ಸಮಾಧಾನ ಹೇಳಲು ಬಂದಳು. "ಯಾರು ಹಬ್ಬಿಸ್ತಾರೋ ಇಂಥವನ್ನೆಲ್ಲ. ನೀನೇ ಒಂದು ಲೋಟ ಎಲ್ಲರೆದುರು ಕುಡಿದುಬಿಡು ಮಾರಾಯ, ಬಾಯಿ ಮುಚ್ಚುತ್ತೆ."

ಮಧ್ಯಾಹ್ನ ದಿಲೀಪ್ ಬರುವಷ್ಟರಲ್ಲಿ ಅಂಗಡಿಯೆದುರು ಜಾತ್ರೆ. ಮೇಜಿನ ಮೇಲೆ ಹೊಸ ಪುಡಿಯ ಬಿಸಿ ಕಾಫಿ ಮತ್ತೆ ಎರಡು ಲೋಟ ಬಂತು. "ನಂಗೇನೂ ಅನುಮಾನ ಇಲ್ಲ," ಅಂದರು ಅವರು. "ಆದ್ರೆ ಗೆಸ್ಟ್‌ಗಳಿಗೆ ಕೊಡೋದಲ್ವಾ."

ರಜನಿ ಗಂಡನ ತೋಳು ಹಿಡಿದಳು. "ನಲವತ್ತು ದಿನದ ಪಥ್ಯ ಕಣ್ರೀ. ನಿಮ್ಮ ಎದೆ ಮುಖ್ಯವೋ ಅಂಗಡಿಯೋ?"

ರುದ್ರೇಶನಿಗೆ ನಿಜವಾಗಿಯೂ ಅಳು ಬಂತು. ಎದೆ ತನ್ನದು, ಅಂಗಡಿ ಅಜ್ಜನದು. ಇನ್ಹೇಲರ್ ಎಳೆದುಕೊಂಡ, ಟವೆಲು ಬಿಚ್ಚಿದ, ಲೋಟ ಎತ್ತಿ ಒಂದೇ ಉಸಿರಿಗೆ ಮುಕ್ಕಾಲು ಪಾಲು ಕುಡಿದ.

ಕುಡಿದವನು ಹಾಗೇ ಕಲ್ಲಾದ.

ನಾಲಿಗೆಯ ಮೇಲೆ ಸುಟ್ಟ ಬೆಲ್ಲ, ಹಳೇ ಬೇರು, ಕಹಿ. ನಾಲ್ಕು ಪಾಲು ಕಾಫಿಗೆ ಒಂದು ಪಾಲು ಚಿಕೋರಿ ಇರಬೇಕಾದಲ್ಲಿ ಲೆಕ್ಕ ತಿರುಗಾಮುರುಗಾ. ರುದ್ರೇಶ ಹೆಂಡತಿಯ ಕಡೆ ವಾಲಿ ಮೆಲ್ಲಗೆ ಕೇಳಿದ, "ನಿನ್ನೆ ಅಂಗಡಿ ತೊಳೆದೆಯಲ್ಲ, ಡ್ರಮ್ಮು ಸರಿಸಿದ್ಯಾ?"

"ಹೂಂ. ಚೆನ್ನಾಗಿ ಒರೆಸಿ, ಆಚೆದು ಈಚೆ, ಈಚೆದು ಆಚೆ ಇಟ್ಟೆ. ವಾಸನೇಲೇ ಗೊತ್ತಾಗುತ್ತಲ್ಲ ನಿಮಗೆ."

ರುದ್ರೇಶ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕ. "ಅಮೃತ," ಅಂದ. ಜನ ತಲೆದೂಗಿದರು. ಅಜ್ಜನ ಪದ್ಧತಿ ನೋಡಿ ಅಂತ ಗಿರಿಜಾಂಬಾಳೇ ಶುರುಮಾಡಿದಳು. ದಿಲೀಪ್ ತೃಪ್ತಿಯಿಂದ ತಮ್ಮ ಲೋಟ ಎತ್ತಿಕೊಂಡು ಊದತೊಡಗಿದರು.

"ಅದು ಆರಿದೆ, ಕೊಡಿ, ಬೇರೆ ಮಾಡಿಸ್ತೀನಿ," ಅಂತ ರುದ್ರೇಶ ಕೈಚಾಚಿದ.

"ಕೈ ಸುಡ್ತಾ ಇದೆ ಮಾರಾಯ್ರೆ."

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಡಾಕ್ಟರ್ ಷಡಕ್ಷರಿ ಏದುಸಿರು ಬಿಡುತ್ತ ಬಂದರು. ರುದ್ರೇಶ ಪಥ್ಯ ಮುರಿದ ಸುದ್ದಿ ಕ್ಲಿನಿಕ್ಕಿಗೆ ಮುಟ್ಟಿತ್ತು. "ನಲವತ್ತು ದಿನ ಹಾಳು ಮಾಡಿದ್ರಲ್ಲ ರುದ್ರೇಶ್, ಎಷ್ಟು ಕುಡಿದ್ರಿ?" ಅಂತ ಗದರಿ, ಅವನ ಲೋಟ ಕಿತ್ತುಕೊಂಡು ಮೂಸಿದರು. ಹುಬ್ಬು ಮೇಲೇರಿತು. ಉಳಿದಿದ್ದ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಅವರ ಮುಖದ ಸಿಟ್ಟೆಲ್ಲ ಇಳಿದು ಮಂದಹಾಸ ಮೂಡಿತು.

ರುದ್ರೇಶ ಬೇಡ ಅಂತ ಕಣ್ಣಲ್ಲೇ ಬೇಡಿಕೊಂಡ. ಡಾಕ್ಟರು ಅವನ ಬೆನ್ನು ತಟ್ಟಿ, ಹಿಂದಿನ ಸಾಲಿಗೂ ಕೇಳುವ ಹಾಗೆ ಧೈರ್ಯ ಹೇಳಿದರು.

"ಏನೂ ಹೆದರಬೇಡಿ. ನಿಮ್ಮ ಪಥ್ಯ ಮುರಿದಿಲ್ಲ. ನಮ್ಮ ಗುಳಿಗೇಲಿ ಔಷಧಿ ಇರುವಷ್ಟೂ ಕಾಫಿ ಇಲ್ಲ ಇದರಲ್ಲಿ."

ದಿಲೀಪ್ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.