ಕುಂಡದಲ್ಲಿ ಬಂದ ಪೊದೆಗಪ್ಪೆ

ಸಂಜೆ ಹೊತ್ತು ಮಲಗಬಾರದು ಎಂದು ಉಪದೇಶ ಮಾಡುವವರು ಭೋಸರಿಯ ಕಾರ್ಖಾನೆಯಲ್ಲಿ ದಿನವಿಡೀ ಗುಮಾಸ್ತಿಕೆ ಮಾಡಿ, ಒದ್ದೆ ಕೊಡೆಗಳ ನಡುವೆ ಬಸ್ಸಿನಲ್ಲಿ ನಿಂತು ಮನೆಗೆ ಬಂದವರಲ್ಲ. ನನಗಂತೂ ಪುಣೆಯ ಮಳೆಗಾಲವೆಂದರೆ ಗ್ಯಾಲರಿಯ ಬೆತ್ತದ ಕುರ್ಚಿ, ಒಂದು ಕಪ್ ಚಹಾ, ಆಮೇಲೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ತೇಲಾಟ. ಎದುರಿನ ನೀರಿನ ಟಾಕಿ ಕೂಡ ಆಗ ಮೋಡ ಹೊದ್ದ ಗುಡ್ಡದಂತೆ ಕಾಣುತ್ತದೆ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಈ ತೇಲಾಟದೊಳಗೆ ಟಿಕ್, ಟಿಕ್, ಟಿಕ್ ಎಂಬ ಸದ್ದು ಬಂದು ಸೇರಿಕೊಂಡಿತು.

ಹೆಂಡತಿ ಶಾರದಾ ಫ್ರಿಜ್ಜಿನ ಮೇಲೆ ಅನುಮಾನಪಟ್ಟಳು. ರಿಪೇರಿಯವನು ಬಂದು ಬಿಚ್ಚಿ ಜೋಡಿಸಿ ಹೋದ ಮೇಲೆ ಟಿಕ್ ಟಿಕ್ ಹಾಗೇ ಉಳಿಯಿತು, ಜೊತೆಗೆ ಫ್ರಿಜ್ಜೂ ಗುರ್ ಎನ್ನತೊಡಗಿತು. ನಾನು ಗೋಡೆ ಗಡಿಯಾರದ ಸೆಲ್ ತೆಗೆದಿಟ್ಟೆ. ಮರುದಿನ ಆಫೀಸಿಗೆ ತಡವಾಯಿತೇ ಹೊರತು ಬೇರೇನೂ ಆಗಲಿಲ್ಲ.

ಕಡೆಗೆ ಪತ್ತೆ ಹಚ್ಚಿದವಳು ನಮ್ಮಕ್ಕನ ಮಗಳು ಸುಮಾ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಘಟ್ಟದ ಕಪ್ಪೆಗಳ ಬೆನ್ನು ಹತ್ತಿ ಪುಣೆಗೆ ಬಂದವಳು ನಮ್ಮ ಮನೆಯಲ್ಲೇ ಇದ್ದಳು. ಮಳೆ ಶುರುವಾದಾಗ ಅವಳೊಡನೆ ಘಟ್ಟ ನೋಡಲು ಹೋಗಿದ್ದ ಶಾರದಾ ಒಂದು ಜರೀಗಿಡವನ್ನು ಮಣ್ಣು ಸಮೇತ ಕಿತ್ತು ತಂದು ಗ್ಯಾಲರಿಯ ಕುಂಡದಲ್ಲಿಟ್ಟಿದ್ದಳು. ಸುಮಾ ಅದರ ಎಲೆ ಎತ್ತಿದಳು. ಹುಣಸೆಬೀಜಕ್ಕಿಂತ ತುಸು ದೊಡ್ಡ ಕಪ್ಪೆಯೊಂದು ಗಂಟಲನ್ನು ಗುಳ್ಳೆಯಂತೆ ಉಬ್ಬಿಸಿ ಕೂತಿತ್ತು.

"ಪೊದೆಗಪ್ಪಿ, ಮಾಮಾ. ಪುಸ್ತಕದಾಗ ಇದರ ಬಗ್ಗೆ ಹೆಚ್ಚೇನೂ ಸಿಗೂದಿಲ್ಲ. ಇದಕ್ಕ ಕೆರಿ ಬ್ಯಾಡ, ಹೊಂಡ ಬ್ಯಾಡ. ಗೊದಮೊಟ್ಟಿ ಆಗೂದಾ ಇಲ್ಲ. ತತ್ತಿಯೊಳಗಿಂದ ಸೀದಾ ಕಪ್ಪೀನಾ ಹೊರಗ ಬರ್ತದ."

ಬಾಲ್ಯವನ್ನೇ ಬಿಟ್ಟು ಹುಟ್ಟುವ ಈ ಪ್ರಾಣಿಯ ಮೇಲೆ ನನಗೆ ಗೌರವ ಬಂತು. ನಮ್ಮ ಹೆಡ್ ಕ್ಲರ್ಕ್ ಸಾಹೇಬರೂ ಹೀಗೇ ಹುಟ್ಟಿರಬೇಕೆಂಬ ಗುಮಾನಿ ನನಗೆ ಮೊದಲಿನಿಂದ ಇತ್ತು. ಅಂದಿನಿಂದ ಟಿಕ್ ಟಿಕ್ ನನ್ನ ಜೋಗುಳವಾಯಿತು. ಕಣ್ಣು ಮುಚ್ಚಿದರೆ ಸಾಕು, ಗ್ಯಾಲರಿಯಾಚೆ ಮಂಜು ಏರುತ್ತಿತ್ತು, ಪಾಚಿ ಹಿಡಿದ ಕೊಂಬೆಗಳು ಕುರ್ಚಿಯ ಮೇಲೆ ಬಾಗುತ್ತಿದ್ದವು, ಭೋಸರಿ ಎಂಬ ಊರೇ ಇರುತ್ತಿರಲಿಲ್ಲ. ಶಾರದಾ ಕುಂಡಕ್ಕೆ ಒದ್ದೆ ಗೋಣಿ ಸುತ್ತಿದಳು. ಬೆಳಿಗ್ಗೆ ದೇವರಿಗಿಂತ ಮೊದಲು ಅದಕ್ಕೇ ನೀರು.

ಗಣಪತಿ ಮುಳುಗಿದ ಮೇಲೆ ಮಳೆ ಕೈಕೊಟ್ಟಿತು. ಬಿಸಿಲು ಚುರುಗುಟ್ಟಿತು. ಒಂದು ಸಂಜೆ ಸದ್ದೇ ಇಲ್ಲ. ಕಪ್ಪೆ ಬಣ್ಣಗೆಟ್ಟು ಎಲೆಯಡಿ ಅಂಟಿಕೊಂಡಿತ್ತು.

"ಇಲ್ಲೇ ಇದ್ರ ಉಳಿಯೂದಿಲ್ಲ ಮಾಮಿ," ಎಂದಳು ಸುಮಾ.

ಶಾರದಾ ಗೋಣಿಗೆ ಇನ್ನೊಂದು ಚೊಂಬು ನೀರು ಸುರಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾನಾ ಕಿತ್ಕೊಂಡು ಬಂದೀನಿ, ನಾನಾ ಬಿಟ್ಟು ಬರ್ತೀನಿ. ನಾಳೆ ರಜಾ ಹಾಕ್ರಿ," ಎಂದಳು.

ಮರುದಿನ ಮೂವರೂ ಘಟ್ಟದ ಬಸ್ಸು ಹತ್ತಿದೆವು. ತೂತು ಕೊರೆದ ಡಬ್ಬಿಯೊಳಗೆ ಒದ್ದೆ ಎಲೆ, ಎಲೆಯ ಮೇಲೆ ಕಪ್ಪೆ, ಡಬ್ಬಿ ಶಾರದಾಳ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳು ಮುಚ್ಚಳಕ್ಕೆ ಕಿವಿ ಹಚ್ಚಿ ನೋಡುತ್ತಿದ್ದಳು. ಕಂಡಕ್ಟರ್ ಬಗ್ಗಿ, "ಡಬ್ಯಾತ್ ಕಾಯ್ ಆಹೆ?" ಎಂದು ಮರಾಠಿಯಲ್ಲಿ ಡಬ್ಬಿಯೊಳಗೇನೆಂದು ಕೇಳಿದ.

"ಪಾಹುಣಾ," ಎಂದಳು ಶಾರದಾ. ಅತಿಥಿ ಎಂಬ ಮಾತು ಕೇಳಿ ಅವನು ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಘಟ್ಟದ ಮೇಲೆ ಮಳೆ ಇನ್ನೂ ಜಿನುಗುತ್ತಿತ್ತು. ಗಿಡಗಳೆಲ್ಲ ಹಾಲಿನಂಥ ಮಂಜಿನಲ್ಲಿ ಅರ್ಧ ಕರಗಿದ್ದವು. ಸುಮಾ ತೋರಿಸಿದ ಪೊದೆಯ ಬುಡದಲ್ಲಿ ಶಾರದಾ ಮುಚ್ಚಳ ತೆಗೆದಳು. ಕಪ್ಪೆ ಕದಲಲಿಲ್ಲ. ಸತ್ತೇಹೋಯಿತೆಂದುಕೊಂಡು ನಾನು ಡಬ್ಬಿಯ ಮೇಲೆ ಬಗ್ಗಿದೆ. ಅಷ್ಟರಲ್ಲಿ ಮೇಲಿನಿಂದ ಒಂದು ಹನಿ ಅದರ ಬೆನ್ನ ಮೇಲೆ ಬಿತ್ತು. ಪಕ್ಕದ ಎಲೆಯೊಂದು ಅಲುಗಿತು. ಡಬ್ಬಿ ಖಾಲಿ.

ನಾವು ಉಸಿರು ಬಿಗಿಹಿಡಿದು ನಿಂತೆವು. ಸ್ವಲ್ಪ ಹೊತ್ತಿಗೆ ಎಡಗಡೆ ಟಿಕ್, ಬಲಗಡೆ ಟಿಕ್, ಆಮೇಲೆ ಎಲ್ಲ ಕಡೆಯಿಂದ.

"ನಮ್ಮದು ಯಾವುದ್ರೀ?" ಶಾರದಾ ಮೆಲ್ಲಗೆ ಕೇಳಿದಳು. ಅವಳ ಕಣ್ಣು ತುಂಬಿತ್ತು.

ಇಂಥ ಹೊತ್ತಿನಲ್ಲಿ ಗಂಡನಾದವನು ಗೊತ್ತಿಲ್ಲ ಎನ್ನಬಾರದು. ನಾನು ಒಂದು ಪೊದೆಗೆ ಬೊಟ್ಟು ಮಾಡಿ, "ಅಕಾ, ಅದಾ ನಮ್ಮದು," ಎಂದೆ. ಅವಳು ಅತ್ತ ಕಿವಿಗೊಟ್ಟು, "ಹೌದ್ರಿ, ಅದಾ ದನಿ," ಎಂದು ಕಣ್ಣೊರೆಸಿಕೊಂಡಳು. ಸುಮಾ ನನ್ನನ್ನೊಮ್ಮೆ ನೋಡಿ ತುಟಿ ಕಚ್ಚಿಕೊಂಡಳು. ಯಾಕೆಂದು ಆಮೇಲೆ ತಿಳಿಯಿತು. ಕಾಡಿಗೆ ಕಾಡೇ ಕೂಗುತ್ತಿದ್ದಾಗ ನಾನು ತೋರಿಸಿದ ಆ ಪೊದೆಯೊಂದೇ ಸುಮ್ಮನಿತ್ತು.